ಕಿಲೋಮೀಟರ್ ಪಂಡಿತರ ವರ್ಲ್ಡ್ ಕಪ್

ಫುಟ್‌ಬಾಲ್‌ನಲ್ಲಿ ಗೆಲ್ಬೇಕು ಅಂದ್ರೆ ಗೋಲ್ ಹೊಡೀಬೇಕು ಅಂತ ಯಾರೋ ಹಳೇ ಕಾಲದವ್ರು ಹೇಳ್ಬಿಟ್ಟು ಹೋಗಿದಾರೆ, ಪಾಪ ಅವ್ರಿಗೆ ಜಾಸ್ತಿ ಓಡಿದವ್ರೇ ಗೆಲ್ತಾರೆ ಅನ್ನೋ ಕಿಲೋಮೀಟರ್ ಲೆಕ್ಕ ಗೊತ್ತಿರ್ಲಿಲ್ಲ. ಈ ಜ್ಞಾನೋದಯ ಜಗತ್ತಿಗೆ ಜೋರಾಗಿ ಆಗಿದ್ದು 2018ರ ಜೂನ್‌ನಲ್ಲಿ, ರಷ್ಯಾದಲ್ಲಿ. ಆ ವರ್ಲ್ಡ್ ಕಪ್‌ನ 32 ಟೀಮ್‌ಗಳಲ್ಲಿ ರ‍್ಯಾಂಕಿಂಗ್ ಪ್ರಕಾರ ಕಟ್ಟಕಡೇಲಿದ್ದಿದ್ದು ಆತಿಥೇಯ ರಷ್ಯಾನೇ, 70ನೇ ನಂಬರ್, ಅದಕ್ಕೂ ಮುಂಚೆ ಸತತ 7 ಮ್ಯಾಚ್ ಗೆದ್ದಿರ್ಲಿಲ್ಲ. ಅಲ್ಲಿನ ಜನಾನೇ ಆಸೆ ಬಿಟ್ಟು ಜೋಕ್ ಮಾಡ್ಕೊಂಡು ಕೂತಿದ್ರು, ಟಿವಿ ನಿರೂಪಕ ಇವಾನ್ ಉರ್ಗಾಂತ್ ಅಂತೂ ಕೋಚ್ ಚೆರ್ಚೆಸೊವ್ ಅವರ ದಪ್ಪ ಮೀಸೆ ನೋಡಿ ಎಲ್ರೂ ಮೀಸೆ ಬಿಡಿ ಅದೊಂದೇ ಭರವಸೆ ಅಂತ ಅಭಿಯಾನ ಶುರು ಮಾಡಿದ್ರು, ಮೀಸೆ ಬರದವ್ರು ಅಂಟಿಸ್ಕೊಂಡ್ರು.

ಆಮೇಲೆ ನೋಡಿದ್ರೆ ಸೌದಿ ಅರೇಬಿಯಾ ಮೇಲೆ 5-0. ಈಜಿಪ್ಟ್ ಮೇಲೆ 3-1. ಎಲ್ರೂ ಕಕ್ಕಾಬಿಕ್ಕಿ.

ಇಂಥ ಹೊತ್ತಲ್ಲೇ ನೋಡಿ ಕಿಲೋಮೀಟರ್ ಪಂಡಿತರು ಎದ್ದು ಬರೋದು. ಸ್ಟೇಡಿಯಂ ಕ್ಯಾಮೆರಾಗಳು ಒಬ್ಬೊಬ್ಬ ಆಟಗಾರ ಎಷ್ಟು ಓಡ್ದ ಅಂತ ಅಳೀತವೆ, ಮೊದಲ ಮ್ಯಾಚಲ್ಲಿ ರಷ್ಯಾ ಟೀಮ್ ಒಟ್ಟು ಸುಮಾರು 118 ಕಿಲೋಮೀಟರ್ ಓಡಿದೆ ಅಂತ ಬಂತು, ಅಷ್ಟೇ, ರಹಸ್ಯ ಬಯಲಾಯ್ತು. ಬೆಂಗಳೂರಿಂದ ಹೊರಟ್ರೆ ಮಂಡ್ಯ ದಾಟಿ ಇನ್ನೇನು ಶ್ರೀರಂಗಪಟ್ಟಣ ಅನ್ನೋವಷ್ಟು ದೂರ, ಒಂದೂವರೆ ಗಂಟೇಲಿ, ಅದೂ ಟೋಲ್ ಕಟ್ಟದೆ! ಅಷ್ಟು ಓಡಿದ್ಮೇಲೆ 5 ಗೋಲ್ ಬರದೇ ಇರುತ್ತಾ?

ಮಜಾ ಏನಂದ್ರೆ ಇದೇ ಒಂದು ನಂಬರ್ ಹಿಡ್ಕೊಂಡು ಎರಡು ಪಂಗಡ ಹುಟ್ಕೊಂಡ್ವು. ಒಂದು ಪಂಗಡಕ್ಕೆ ಅದು ತಪಸ್ಸು, ಕಠಿಣ ತರಬೇತಿ, ದೇಶಭಕ್ತಿ. ಇನ್ನೊಂದು ಪಂಗಡ ಹುಬ್ಬು ಏರಿಸಿ, ಇಷ್ಟು ಓಡ್ತಾರೆ ಅಂದ್ರೆ ರಕ್ತದಲ್ಲಿ ಏನೋ ಇದೆ ಅಂತು. ಅನುಮಾನಕ್ಕೆ ಕಾರಣ ಇರ್ಲಿಲ್ಲ ಅಂತಲ್ಲ, ಅದೇ ವರ್ಷ ಫೆಬ್ರವರಿಲಿ ಪ್ಯೋಂಗ್‌ಚಾಂಗ್ ವಿಂಟರ್ ಒಲಿಂಪಿಕ್ಸ್‌ನಲ್ಲಿ ಡೋಪಿಂಗ್ ಹಗರಣದಿಂದಾಗಿ ರಷ್ಯಾ ಬಾವುಟ ಹಾರಿಸೋಕೇ ಬಿಟ್ಟಿರ್ಲಿಲ್ಲ, ಆದ್ರೆ ಫಿಫಾ ಈ ಟೂರ್ನಿಯ ಟೆಸ್ಟ್ ಎಲ್ಲಾ ನೆಗೆಟಿವ್ ಅಂತ ಹೇಳ್ತು. ಅದು ಬೇರೆ ತಕರಾರು ಬಿಡಿ. ನಾನು ಕೇಳೋದು ಇಷ್ಟೇ, ಒಂದೇ ನಂಬರ್ ಪುಣ್ಯಕ್ಕೂ ಸಾಕ್ಷಿ ಪಾಪಕ್ಕೂ ಸಾಕ್ಷಿ ಅಂದ್ರೆ ಅದು ಯಾವುದಕ್ಕೆ ಸಾಕ್ಷಿ ಸ್ವಾಮಿ? ಮೂರನೇ ಮ್ಯಾಚಲ್ಲಿ ಉರುಗ್ವೆ ಬಂದು 3-0 ಹೊಡೆದಾಗ ಎರಡೂ ಪಂಗಡದವ್ರು ನೀರು ಕುಡಿಯೋಕೆ ಎದ್ದು ಹೋಗಿದ್ರು ಅನ್ಸುತ್ತೆ.

ಈ ಫಿಟ್‌ನೆಸ್ ಪವಾಡದ ಒಳಗೆ ಸ್ವಲ್ಪ ಇಣುಕಿ ನೋಡಿ. ಟೂರ್ನಿಯ ಮೊದಲ ಮ್ಯಾಚ್, 24ನೇ ನಿಮಿಷ, ಅಲಾನ್ ಜಾಗೊಯೆವ್ ತೊಡೆ ಹಿಡ್ಕೊಂಡು ನಿಂತ್ರು, ಹ್ಯಾಮ್‌ಸ್ಟ್ರಿಂಗ್ ಹೋಯ್ತು, ಅವರ ಬದಲು ಒಳಗೆ ಬಂದಿದ್ದು ಡೆನಿಸ್ ಚೆರಿಶೆವ್, ಅವರು ಅವತ್ತೇ 2 ಗೋಲ್, ಟೂರ್ನಿಲಿ ಒಟ್ಟು 4 ಗೋಲ್. ಅಂದ್ರೆ ಜಗತ್ತಿನ ಅತಿ ಫಿಟ್ ಟೀಮ್‌ಗೆ ಹೀರೋ ಸಿಕ್ಕಿದ್ದೇ ಒಬ್ಬರ ಸ್ನಾಯು ಕೈಕೊಟ್ಟಿದ್ದಕ್ಕೆ! ಇನ್ನು ಡಿಫೆನ್ಸ್ ನೋಡ್ಕೊಳ್ತಿದ್ದಿದ್ದು ಸೆರ್ಗೆಯ್ ಇಗ್ನಾಶೆವಿಚ್, ವಯಸ್ಸು 38. ದೇಶದ ಟೀಮಿಂದ ರಿಟೈರ್ ಆಗಿದ್ದೋರು, ಇದ್ದ ಹುಡುಗ್ರು ಗಾಯ ಮಾಡ್ಕೊಂಡು ಮನೇಲಿ ಕೂತಿದ್ದಕ್ಕೆ ವಾಪಸ್ ಕರೆಸಿದ್ರು. ಯೌವನದ ಓಟದ ಚಾರ್ಟ್‌ನಲ್ಲಿ ಈ ಹಿರಿಯರನ್ನ ಯಾವ ಕಾಲಂನಲ್ಲಿ ಹಾಕ್ತೀರಾ? ಎದುರಾಳಿಗಳ ಕಥೆ ಕೇಳಿದ್ರೆ ಇನ್ನೂ ಚೆಂದ, ಸೌದಿ ರ‍್ಯಾಂಕ್ 67, ಈಜಿಪ್ಟ್‌ನ ಸ್ಟಾರ್ ಆಟಗಾರ ಸಲಾಹ್ ಮೇ ತಿಂಗಳ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಭುಜಕ್ಕೆ ಪೆಟ್ಟು ಮಾಡ್ಕೊಂಡು ಆಗಷ್ಟೇ ಎದ್ದು ಬಂದಿದ್ರು, ಗ್ರೂಪ್ ದಾಟಿದ್ಮೇಲೆ ನಾಕೌಟ್‌ನಲ್ಲಿ ಸಿಕ್ಕ ಸ್ಪೇನ್ ಅಂತೂ ಟೂರ್ನಿ ಶುರುವಾಗೋಕೆ ಒಂದು ದಿನ ಮುಂಚೆ ಕೋಚ್ ಲೊಪೆಟೆಗಿನ ಕೆಲಸದಿಂದ ತೆಗೆದು ಹಾಕ್ಕೊಂಡಿತ್ತು.

ಸ್ಪೇನ್ ಮ್ಯಾಚ್ ವಿಷಯಕ್ಕೆ ಬರೋಣ, ಪಂಡಿತರ ಗೀತೆ ಇರೋದೇ ಅದರಲ್ಲಿ. ಜುಲೈ 1, ಮಾಸ್ಕೋದ ಲುಜ್ನಿಕಿ, ರಷ್ಯಾ ಸುಮಾರು 146 ಕಿಲೋಮೀಟರ್, ಸ್ಪೇನ್ ಸುಮಾರು 137. ನೋಡಿದ್ರಾ, 9 ಕಿಲೋಮೀಟರ್ ಅಂತರದ ಜಯ! ಅಲ್ಲ, ಮ್ಯಾಚ್ ನಡೆದಿದ್ದು 120 ನಿಮಿಷ, ಅದರಲ್ಲಿ ಮುಕ್ಕಾಲು ಪಾಲು ಬಾಲ್ ಇದ್ದಿದ್ದು ಸ್ಪೇನ್ ಹತ್ರ, ಸ್ಪೇನ್ ಸಾವಿರಕ್ಕೂ ಮೀರಿ ಪಾಸ್ ಮಾಡ್ತು, ರಷ್ಯಾ ಐದು ಡಿಫೆಂಡರ್‌ಗಳನ್ನ ಸಾಲಾಗಿ ನಿಲ್ಸಿ ಬಾಲ್ ಬಲಕ್ಕೆ ಹೋದ್ರೆ ಎಲ್ರೂ ಬಲಕ್ಕೆ, ಎಡಕ್ಕೆ ಹೋದ್ರೆ ಎಲ್ರೂ ಎಡಕ್ಕೆ ಅಂತ ಸರೀತಾ ಇತ್ತು. ಬಾಲ್ ಕಾಲಲ್ಲಿ ಇಲ್ಲದವ್ನು ಓಡ್ಲೇಬೇಕಲ್ಲ, ಇನ್ನೇನ್ ಮಾಡ್ತಾನೆ. ಮದುವೆ ಮನೇಲಿ ಎಲ್ಲರಿಗಿಂತ ಜಾಸ್ತಿ ಓಡಾಡೋದು ಹುಡುಗಿ ಸೋದರಮಾವ, ಹಾಗಂತ ಹೆಜ್ಜೆ ಲೆಕ್ಕ ಹಾಕಿ ತಾಳಿ ಅವನ ಕೈಗೆ ಕೊಡ್ತಾರಾ?

ಕೊನೆಗೆ 1-1 ಆಗಿ ಪೆನಾಲ್ಟಿಗೆ ಬಂತು. ಪೆನಾಲ್ಟಿ ಅಂದ್ರೆ ಮಧ್ಯದ ಗೆರೆಯಿಂದ ಸ್ಪಾಟ್‌ವರೆಗೆ ಹತ್ತಿರತ್ರ 40 ಮೀಟರ್ ನಡಕೊಂಡು ಬರೋದು, ಓಡೋಕೆ ಯಾರೂ ಹೇಳಲ್ಲ. ಅಲ್ಲಿ ಗೆಲ್ಸಿದ್ದು ಗೋಲ್‌ಕೀಪರ್ ಇಗೋರ್ ಅಕಿನ್‌ಫೆಯೆವ್, ಇಡೀ ಟೀಮಲ್ಲಿ ಕಡಿಮೆ ಓಡೋ ಕೆಲಸದವ್ರು, ಇಯಾಗೊ ಆಸ್ಪಾಸ್ ಹೊಡೆದಾಗ ಒಂದು ಕಡೆ ಹಾರಿ ಬೀಳ್ತಾ ಹಿಂದೆ ಉಳಿದಿದ್ದ ಎಡಗಾಲಲ್ಲಿ ಬಾಲ್ ತಡೆದ್ರು. 146 ಕಿಲೋಮೀಟರ್ ಒಂದು ಕಡೆ, ಆ ಕಾಲು ಎತ್ತಿದ ಒಂದೆರಡು ಅಡಿ ಒಂದು ಕಡೆ. ಯಾವುದಕ್ಕೆ ದೇಶ ಕುಣೀತು ಅಂತ ನೀವೇ ಹೇಳಿ.

ನಿಮಗೆ ಅಂಕಿಅಂಶಾನೇ ಬೇಕು ಅಂದ್ರೆ ನಾನೊಂದು ಕೊಡ್ತೀನಿ, ಫ್ರೀ. ಸ್ಪೇನ್ 1934ರಲ್ಲಿ ಇಟಲಿಗೆ ಸೋತಿತ್ತು, 1950ರಲ್ಲಿ ಬ್ರೆಜಿಲ್‌ಗೆ ಸೋತಿತ್ತು, 2002ರಲ್ಲಿ ದಕ್ಷಿಣ ಕೊರಿಯಾಗೆ ಸೋತಿತ್ತು, 2018ರಲ್ಲಿ ರಷ್ಯಾಗೆ. ನಾಲ್ಕೂ ಸಲ ವರ್ಲ್ಡ್ ಕಪ್‌ನಲ್ಲಿ, ನಾಲ್ಕೂ ಸಲ ಆತಿಥೇಯರಿಗೆ. ಕಿಲೋಮೀಟರ್ ಥಿಯರಿಗಿಂತ ಇದು ಎಷ್ಟೋ ಗಟ್ಟಿ, ಯಾಕಂದ್ರೆ ಉರುಗ್ವೆ ಬಂದು ಕೆಡಿಸೋಕೆ ಆಗಲ್ಲ. ಮೀಸೆ ಥಿಯರಿಗೂ ಇಷ್ಟೇ ಬೆಲೆ, ಮೀಸೆ ಅಂಟಿಸ್ಕೊಂಡ್ಮೇಲೇ ಅಲ್ವಾ ಟೀಮ್ ಗೆಲ್ಲೋಕೆ ಶುರು ಮಾಡಿದ್ದು? ಇದನ್ನ ಚಾರ್ಟ್ ಹಾಕಿ ಬಣ್ಣ ತುಂಬಿ ಟಿವಿಲಿ ತೋರ್ಸಿ, ನಾಳೆ ಬೆಳಗ್ಗೆನೇ ಯಾವನಾದ್ರೂ ಮೀಸೆ ಕೋಚಿಂಗ್ ಸೆಂಟರ್ ತೆಗೀತಾನೆ.

ಫಿಟ್‌ನೆಸ್ ಬೇಡ ಅಂತ ನಾನು ಹೇಳ್ತಿಲ್ಲ, ಹೊಟ್ಟೆ ಮುಂದೆ ಬಿಟ್ಕೊಂಡು 120 ನಿಮಿಷ ಸ್ಪೇನ್ ಹಿಂದೆ ಸರಿದಾಡೋಕೆ ಆಗಲ್ಲ, ಅಷ್ಟು ಒಪ್ತೀನಿ. ಆದ್ರೆ ಅದು ಪರೀಕ್ಷೆ ಬರೆಯೋಕೆ ಬೇಕಾದ ಹಾಲ್ ಟಿಕೆಟ್ ಅಷ್ಟೇ, ಮಾರ್ಕ್ಸ್ ಅಲ್ಲ. ಎಷ್ಟು ಓಡ್ದ ಅನ್ನೋದಕ್ಕಿಂತ ಯಾವಾಗ ಓಡ್ದ, ಎಷ್ಟು ಜೋರಾಗಿ ಓಡ್ದ, ಎಲ್ಲಿಗೆ ಓಡ್ದ, ಮುಖ್ಯವಾಗಿ ಯಾಕೆ ಓಡ್ದ ಅನ್ನೋದನ್ನ ನೋಡ್ಬೇಕು, ಆದ್ರೆ ಅದನ್ನ ಹೇಳೋಕೆ ಮ್ಯಾಚ್ ನೋಡಿರ್ಬೇಕಾಗುತ್ತೆ, ಅದೇ ಕಷ್ಟ.

ಕ್ವಾರ್ಟರ್ ಫೈನಲ್‌ನಲ್ಲಿ ಸೋಚಿಲಿ ಕ್ರೊಯೇಷಿಯಾ ಸಿಕ್ತು. 2-2, ಮತ್ತೆ ಪೆನಾಲ್ಟಿ, ಈ ಸಲ ರಷ್ಯಾ ಔಟ್. 115ನೇ ನಿಮಿಷದಲ್ಲಿ ಸಮ ಮಾಡಿದ ಮಾರಿಯೊ ಫೆರ್ನಾಂಡಿಸೇ ಪೆನಾಲ್ಟಿ ಆಚೆ ಹೊಡೆದ್ರು, ಅದೇ ಮನುಷ್ಯ, ಅದೇ ಕಾಲು, ಅದೇ ಫಿಟ್‌ನೆಸ್, ಕೆಲವೇ ನಿಮಿಷಗಳ ಅಂತರ. ಕ್ರೊಯೇಷಿಯಾ ಮೂರು ನಾಕೌಟ್ ಮ್ಯಾಚ್ ಎಕ್ಸ್‌ಟ್ರಾ ಟೈಮ್ ಆಡಿ, ಅಂದ್ರೆ ಬೇರೆಯವ್ರಿಗಿಂತ ಪೂರ್ತಿ ಒಂದು ಮ್ಯಾಚಿನಷ್ಟು ಜಾಸ್ತಿ ಓಡಿ ಫೈನಲ್ ತಲುಪಿ ಫ್ರಾನ್ಸ್‌ಗೆ 4-2 ಸೋತ್ರು. ಕಿಲೋಮೀಟರ್ ನ್ಯಾಯ ಅಂತ ಒಂದಿದ್ದಿದ್ರೆ ಕಪ್ ಝಾಗ್ರೆಬ್‌ಗೆ ಹೋಗ್ಬೇಕಿತ್ತು. ಫಿಫಾದವ್ರಿಗೆ ನನ್ನದೊಂದು ಸಲಹೆ ಇದೆ, ಬಾಲು ಗೋಲ್‌ಪೋಸ್ಟು ಎಲ್ಲಾ ತೆಗೆದುಬಿಡಿ, 22 ಜನಕ್ಕೆ ಕೈಗೊಂದು ಸ್ಮಾರ್ಟ್‌ವಾಚ್ ಕಟ್ಟಿ ಮೈದಾನದ ಸುತ್ತ ಬಿಡಿ, ವಿಡಿಯೋ ನೋಡಿ ತೀರ್ಪು ಕೊಡೋ ವಿಎಆರ್ ಗಲಾಟೆನೂ ಇರಲ್ಲ, ಬ್ಯಾಟರಿ ಮುಗಿದವ್ನು ಔಟ್.

ಆಮೇಲೆ ಏನಾಯ್ತು ಅಂತ ಯಾರೂ ಕೇಳಲ್ಲ. 2021ರಲ್ಲಿ ನಡೆದ ಯೂರೋ ಕಪ್‌ನಲ್ಲಿ ಅದೇ ಕೋಚ್, ಅದೇ ಮೀಸೆ, ಬೆಲ್ಜಿಯಂ ಹತ್ರ 3-0, ಡೆನ್ಮಾರ್ಕ್ ಹತ್ರ 4-1 ತಿಂದು ರಷ್ಯಾ ಗ್ರೂಪಲ್ಲಿ ಕೊನೆ, ಚೆರ್ಚೆಸೊವ್ ಕೆಲಸ ಹೋಯ್ತು. 2022ರಲ್ಲಿ ಕತಾರ್ ತನ್ನ ಆಟಗಾರರನ್ನ ತಿಂಗಳುಗಟ್ಟಲೆ ಕ್ಯಾಂಪಲ್ಲಿ ಇಟ್ಟು ಸಾಕಿ ಮನೆಯಂಗಳದ ವರ್ಲ್ಡ್ ಕಪ್‌ಗೆ ಇಳಿಸ್ತು, ಮೂರಕ್ಕೆ ಮೂರೂ ಸೋತ್ರು, ಆತಿಥೇಯರೊಬ್ಬರು ಗ್ರೂಪಿನ ಮೂರೂ ಮ್ಯಾಚ್ ಸೋತಿದ್ದು ಅದೇ ಮೊದಲು. ಅವರೆಷ್ಟು ಕಿಲೋಮೀಟರ್ ಓಡಿದ್ರು ಅಂತ ಪಂಡಿತರನ್ನ ಕೇಳೋಣ ಅಂದ್ರೆ ಅವ್ರು ಸಿಗಲ್ಲ. ಅಷ್ಟೊತ್ತಿಗೆ ಮೊರಾಕೊ ಟೀಮು ಸ್ಪೇನ್‌ನ ಪೆನಾಲ್ಟಿಲಿ ಮನೆಗೆ ಕಳಿಸಿತ್ತು, ಸ್ಪೇನ್ ಆವತ್ತೂ ಸಾವಿರ ಪಾಸ್ ಮಾಡಿತ್ತು, ಪಂಡಿತರೆಲ್ಲಾ ಕ್ಯಾಲ್ಕುಲೇಟರ್ ಹಿಡ್ಕೊಂಡು ಆ ಕಡೆ ಓಡಿದ್ರು.