ಸ್ವಲ್ಪ ಓರೆಯಾಗಿದೆ ಅಲ್ವಾ?

ಗೋಡೆಯ ಮೇಲೆ ನಾಲ್ಕು ಒಳ್ಳೆಯ ಚಿತ್ರಗಳಿರುವ ಮನೆಗೆ ಬಂದವರಲ್ಲಿ ಒಬ್ಬರಾದರೂ ಚಪ್ಪಲಿ ಬಿಡುತ್ತಲೇ ಹೇಳುವ ಮಾತು ಇದು. ಬರೆದವರು ಯಾರು, ಎಣ್ಣೆಬಣ್ಣವೋ ಜಲವರ್ಣವೋ, ಊಹೂಂ, ಆ ವಿಚಾರವೇ ಇಲ್ಲ. ಹೇಳಿ ಸುಮ್ಮನಾದರೂ ಸೈರಿಸಬಹುದಿತ್ತು. ಸೀದಾ ಹೋಗಿ ತೋರುಬೆರಳಿಂದ ಫ್ರೇಮಿನ ಮೂಲೆಯನ್ನು ಒಂದಿಷ್ಟು ನೂಕುತ್ತಾರೆ. ಎರಡು ಹೆಜ್ಜೆ ಹಿಂದೆ ಬಂದು ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಮತ್ತೆ ಹೋಗಿ ಕೂದಲೆಳೆಯಷ್ಟು ವಾಪಸ್ ನೂಕುತ್ತಾರೆ. "ಹಾಂ, ಈಗ ಸರಿಯಾಯ್ತು ನೋಡಿ" ಎಂದು ಮನೆಯವರಿಗೆ ಉಪಕಾರ ಮಾಡಿದ ತೃಪ್ತಿಯಲ್ಲಿ ಕಾಫಿಗೆ ಕೂರುತ್ತಾರೆ.

ಆ ಚಿತ್ರ ಗೋಡೆ ಏರಲು ಪಟ್ಟ ಪಾಡು ಆ ಬೆರಳಿಗೇನು ಗೊತ್ತು? ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆ ಜನವರಿಯ ಒಂದು ಭಾನುವಾರ. ಆ ಜಂಗುಳಿಯಲ್ಲಿ, ಸೊಪ್ಪಿನವಳ ಹತ್ತಿರ ಮಾಡುವ ಚೌಕಾಸಿಯನ್ನೇ ಕಲಾವಿದರ ಹತ್ತಿರವೂ ಮಾಡಿ ನಾಚಿಕೊಂಡು ಕೊನೆಗೆ ಹೇಳಿದಷ್ಟು ಕೊಟ್ಟಾಯಿತು. ಕ್ಯಾನ್ವಾಸನ್ನು ಸುತ್ತಿ ತರುವುದಾದರೆ ಬಣ್ಣದ ಮುಖ ಹೊರಗಿರಬೇಕು, ಕೊಳವೆ ಕನಿಷ್ಠ 4 ಇಂಚು ದಪ್ಪ ಇರಬೇಕು. ಲಟ್ಟಣಿಗೆ ಗಾತ್ರಕ್ಕೆ ಬಿಗಿಯಾಗಿ ಸುತ್ತಿ ಸ್ಕೂಟರಿನಲ್ಲಿ ಕಾಲಸಂದಿಗೆ ಸಿಕ್ಕಿಸಿಕೊಂಡು ಬಂದರೆ, ಮನೆಯಲ್ಲಿ ಬಿಚ್ಚಿದಾಗ ಬೆಟ್ಟಗುಡ್ಡದ ದೃಶ್ಯದಲ್ಲಿ ಇಲ್ಲದ ಕಣಿವೆಗಳು ಬಿದ್ದಿರುತ್ತವೆ.

ಆಮೇಲೆ ಕಟ್ಟು ಹಾಕುವ ಅಂಗಡಿ. ದೇವರ ಪಟವಿರಲಿ, ಡಿಗ್ರಿ ಸರ್ಟಿಫಿಕೇಟಿರಲಿ, ಅಲ್ಲಿ ಎಲ್ಲಕ್ಕೂ ಗಾಜು. ಕ್ಯಾನ್ವಾಸಿನ ಮೇಲಿನ ಎಣ್ಣೆಬಣ್ಣಕ್ಕೆ, ಅಕ್ರಿಲಿಕ್‌ಗೆ ಗಾಜು ಬೇಕಿಲ್ಲ. ಕಾಗದದ ಮೇಲಿನ ಜಲವರ್ಣಕ್ಕೆ ಬೇಕು. ಆದರೆ ಕಾಗದ ಗಾಜಿಗೆ ತಾಗಬಾರದು, ನಡುವೆ ಆಮ್ಲವಿಲ್ಲದ ಮೌಂಟ್ ಬೋರ್ಡ್, ಅಂದರೆ ಚಿತ್ರ ಕಾಣುವಷ್ಟು ಕಿಂಡಿ ಕತ್ತರಿಸಿದ ರಟ್ಟು, ಇರಬೇಕು. ಇಲ್ಲವಾದರೆ ಮಳೆಗಾಲದ ಥಂಡಿಗೆ ಕಾಗದ ಗಾಜಿಗೇ ಅಂಟಿಕೊಂಡೀತು. ಇಷ್ಟನ್ನೂ ವಿವರಿಸಿದ ಮೇಲೆ ಬರುವ ಉತ್ತರ ಒಂದೇ, "ನಾಳೆ ಸಂಜೆ ಬನ್ನಿ ಸಾರ್."

ಇನ್ನು ಮೊಳೆ. ಮೊದಲು ಲೆಕ್ಕ: ಚಿತ್ರದ ನಡುಮಧ್ಯ ನೆಲದಿಂದ 57 ಇಂಚಿನಲ್ಲಿದ್ದರೆ ನಿಂತವರ ಕಣ್ಣಿಗೆ ಹಿತ. 36 ಇಂಚು ಎತ್ತರದ ಚಿತ್ರವಾದರೆ ಅರ್ಧ 18, ಕೂಡಿದರೆ 75. ಹಿಂದಿನ ತಂತಿಯನ್ನು ಬೆರಳಿಂದ ಮೇಲೆಳೆದಾಗ ಅದು ಫ್ರೇಮಿನ ತುದಿಯಿಂದ 3 ಇಂಚು ಕೆಳಗೆ ನಿಂತರೆ, ಅದನ್ನು ಕಳೆಯಿರಿ. ಮೊಳೆಯ ಜಾಗ 72 ಇಂಚು, ಸರಿಯಾಗಿ ಆರಡಿ. ಇಷ್ಟು ಲೆಕ್ಕ ಹಾಕಿ ಸುತ್ತಿಗೆಯಲ್ಲಿ ಹೊಡೆದರೆ ಮೊಳೆ ಬಗ್ಗುತ್ತದೆ, ಅಂಗೈಯಗಲ ಗಿಲಾವು ಉದುರುತ್ತದೆ, ಬಾಡಿಗೆ ಮನೆಯಾದರೆ ಅಡ್ವಾನ್ಸ್ ಕಣ್ಣಮುಂದೆ ಬರುತ್ತದೆ. 6 ಎಂಎಂ ಬಿಟ್ ಹಾಕಿ ಡ್ರಿಲ್ ಮಾಡುವುದೇ ವಾಸಿ. ಗಿಲಾವು ಅರ್ಧ ಇಂಚಿನಷ್ಟೇ ಇರುವುದರಿಂದ ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಪ್ಲಗ್ಗು ಅದನ್ನು ದಾಟಿ ಇಟ್ಟಿಗೆಯೊಳಗೆ ಕೂರಬೇಕು. ಸ್ವಿಚ್‌ಬೋರ್ಡಿನ ನೇರ ಮೇಲೆ ಮಾತ್ರ ಕೊರೆಯಬೇಡಿ, ವೈರಿನ ಪೈಪು ಇರುವುದೇ ಅಲ್ಲಿ. ತೂತಿನ ಕೆಳಗೆ ಹಳೆಯ ಮದುವೆ ಲಗ್ನಪತ್ರಿಕೆಯ ಕವರನ್ನು ಬಾಯಿ ತೆರೆದು ಅಂಟಿಸಿ. ಧೂಳೆಲ್ಲ ಅದರೊಳಗೆ. ಆ ಕವರುಗಳಿಗೆ ಇದಕ್ಕಿಂತ ಒಳ್ಳೆಯ ಗತಿ ಇನ್ನೊಂದಿಲ್ಲ.

ಕೊನೆಗೆ ಗಾರೆಯವರ ರಸಮಟ್ಟ ಇಟ್ಟು, ಗುಳ್ಳೆ ನಟ್ಟನಡುವೆ ನಿಂತದ್ದನ್ನು ನೋಡಿಯೇ ಸ್ಟೂಲಿನಿಂದ ಇಳಿದದ್ದು. ಆದರೂ "ಓರೆ". ಯಾಕೆಂದರೆ ಓರೆಯಾಗಿರುವುದು ಮನೆ! ಬಾಗಿಲ ಚೌಕಟ್ಟು ಕಾಲಿಂಚು ವಾಲಿದೆ, ತಾರಸಿಯ ಬೀಮು ಒಂದು ಕಡೆ ಇಳಿದಿದೆ, ಸೋಫಾದ ಒಂದು ಕಾಲಿನಡಿ ಮಡಿಸಿದ ರಟ್ಟಿದೆ. ಇಡೀ ಮನೆಯಲ್ಲಿ ನೆಟ್ಟಗಿರುವುದು ಆ ಚಿತ್ರವೊಂದೇ. ಬಂದವರ ಕಣ್ಣು ಬಾಗಿಲನ್ನು ನಂಬುತ್ತದೆ, ಚಿತ್ರವನ್ನು ಶಂಕಿಸುತ್ತದೆ. ರಸಮಟ್ಟ ತಂದು ತೋರಿಸಿದರೂ ಒಪ್ಪುವುದಿಲ್ಲ. "ಇದರ ಗುಳ್ಳೆಯೇ ಸರಿಯಿಲ್ಲ" ಎನ್ನುತ್ತಾರೆ.

ಒಂದೇ ಮೊಳೆಗೆ ತೂಗಿದ ಚಿತ್ರ ನಿಜಕ್ಕೂ ಜರುಗುತ್ತದೆ, ಬಾಗಿಲು ಧಡಾರೆಂದರೂ ಸಾಕು. ಮದ್ದು ಸುಲಭ: ಒಂದರ ಬದಲು ಎರಡು ಕೊಕ್ಕೆ, ಫ್ರೇಮಿನ ಕೆಳಮೂಲೆಗಳ ಹಿಂದೆ ರಬ್ಬರಿನ ಬಿಲ್ಲೆ. ಚಿತ್ರ ಅಲುಗದು, ಹಿಂದೆ ಗಾಳಿಯಾಡುವುದರಿಂದ ಬೂಷ್ಟೂ ಕಡಿಮೆ. ಬೆರಳಿನವರು ನೂಕಿ, ಇನ್ನೂ ಜೋರಾಗಿ ನೂಕಿ, "ಇದೇನು, ಸಿಮೆಂಟ್ ಹಾಕಿ ಕೂರಿಸಿದ್ದೀರಾ?" ಎಂದು ಬೇಸರಪಟ್ಟುಕೊಳ್ಳುತ್ತಾರೆ. ಪಾಪ, ಮಾಡಲು ಕೆಲಸವಿಲ್ಲದಂತಾಗಿ ಪಕ್ಕದ ಮೈಸೂರು ಶೈಲಿಯ ಚಿತ್ರದತ್ತ ತಿರುಗಿ, "ಚಿನ್ನ ಮಂಕಾಗಿದೆ, ಒದ್ದೆ ಬಟ್ಟೆಯಲ್ಲಿ ಒರೆಸಿ" ಎಂಬ ಸಲಹೆ ಬೇರೆ. ಅದಕ್ಕೆ ಗಾಜಿಲ್ಲದಿದ್ದರೆ ಆ ಬಟ್ಟೆಗೇ ಚಿನ್ನದ ರೇಕು ಎದ್ದು ಬರುತ್ತದೆ.

ಹಳೆಯ ಮನೆಗಳಲ್ಲಿ ಈ ರಗಳೆ ಇರಲಿಲ್ಲ. ಪಟಗಳೆಲ್ಲ ಬಾಗಿಲಿಗಿಂತ ಎತ್ತರದಲ್ಲಿ, ಕೆಳಗೆ ಎರಡು ಮೊಳೆಯ ಆಸರೆ, ಮೇಲೊಂದು ದಾರ. ಚಾಪೆಯ ಮೇಲೆ ಕೂತವರಿಗೆ ಕಾಣಲೆಂದು ಮುಂದಕ್ಕೆ ಬಾಗಿರುತ್ತಿದ್ದವು. ಆ ಬಾಗಿನ ಹಿಂದೆ ಗುಬ್ಬಚ್ಚಿ ಗೂಡು. ಹುಲ್ಲುಕಡ್ಡಿ ಬಿದ್ದರೆ ಅಜ್ಜಿ ಗುಡಿಸುತ್ತಿದ್ದಳು, ಗೂಡು ತೆಗೆಯಗೊಡುತ್ತಿರಲಿಲ್ಲ. ಗುಬ್ಬಿ ಹಾರಿದಾಗಲೆಲ್ಲ ಪಟ ಒಂದಿಷ್ಟು ಓರೆಯಾಗುತ್ತಿತ್ತು. ಅಷ್ಟೆತ್ತರಕ್ಕೆ ಯಾರ ಬೆರಳೂ ಎಟುಕುತ್ತಿರಲಿಲ್ಲ.