ಬೆರಳ ಗಂಟು ಯಾಕೆ ನೋಯಬೇಕು?

ತೂಕ ಜಾಸ್ತಿಯಾದರೆ ಮಂಡಿ ಸವೆಯುತ್ತದೆ ಎಂದು ನಾನು ಓದಿದ ಲೇಖನವೊಂದು ಹೇಳಿದ್ದು ಸರಿ. ಆದರೆ ಅಷ್ಟಕ್ಕೇ ನಿಲ್ಲಿಸಿದ್ದು ಯಾಕೋ ಅರ್ಧ ಮಾತು ಅನ್ನಿಸಿತು. ಭಾರವೊಂದೇ ಕಾರಣವಾಗಿದ್ದರೆ ದಪ್ಪಗಿರುವವರಲ್ಲಿ ಕೈಬೆರಳಿನ ಸಂಧಿವಾತವೂ ಜಾಸ್ತಿ ಕಾಣಿಸುವುದು ಯಾಕೆ? ಬೆರಳ ಮೇಲೆ ಯಾರೂ ನಡೆಯುವುದಿಲ್ಲ, ಅಲ್ವಾ! ಕೊಬ್ಬು ಸುಮ್ನೆ ಕೂತಿರುವುದಿಲ್ಲ. ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ರಕ್ತ ಹೋದ ಕಡೆಯೆಲ್ಲ ಅವೂ ಹೋಗುತ್ತವೆ. ತೂಕ ಏರಿದಂತೆ ಯೂರಿಕ್ ಆಮ್ಲವೂ ಏರುವುದರಿಂದ ಗೌಟ್ (ಆ ಆಮ್ಲ ಗಂಟಿನಲ್ಲಿ ಹರಳುಗಟ್ಟಿ ನೋಯಿಸುವ ಕಾಯಿಲೆ) ಇರುವವರಿಗೆ ಇನ್ನೊಂದು ಕಾಟ.

ಇನ್ನು ಭಾರದ ಲೆಕ್ಕ. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಮಂಡಿ ಸವೆತ ಇರುವವರು 1 ಕೆ.ಜಿ. ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಒತ್ತಡ ಸುಮಾರು 4 ಕೆ.ಜಿ.ಯಷ್ಟು ಕಮ್ಮಿಯಾಗುತ್ತದೆ. 5 ಕೆ.ಜಿ. ಇಳಿದರೂ ಹೆಜ್ಜೆಗೆ 20 ಕೆ.ಜಿ. ಉಳಿತಾಯ! ಹಾಗಾಗಿ 'ಪೂರ್ತಿ ಸಣ್ಣಗಾಗಿ ಬನ್ನಿ, ಆಮೇಲೆ ನೋಡೋಣ' ಎಂದು ರೋಗಿಗಳಿಗೆ ಹೇಳುವ ಮಾತು ನನಗೆ ಹಿಡಿಸುವುದಿಲ್ಲ.

ಹಾಗಂತ ಊಟ ಬಿಟ್ಟು ಸೊರಗಬೇಡಿ. ತೊಡೆಯ ಸ್ನಾಯುವೂ ಕರಗುತ್ತದೆ, ಮಂಡಿಗೆ ಆಸರೆಯೇ ಅದು. ಆ ಸ್ನಾಯು ಗಟ್ಟಿಯಾಗಲು ಕುರ್ಚಿಯಲ್ಲಿ ಕೂತು ಕಾಲನ್ನು ನೇರ ಚಾಚಿ, ಐದು ಎಣಿಸಿ, ನಿಧಾನವಾಗಿ ಇಳಿಸಿ. ನೋವಿರುವ ಹೆಚ್ಚಿನವರಿಗೆ ಇಷ್ಟು ಸಾಧ್ಯ. ಅಂದಹಾಗೆ, ರುಮಟಾಯ್ಡ್ ಸಂಧಿವಾತ (ದೇಹದ ರಕ್ಷಣಾ ವ್ಯವಸ್ಥೆಯೇ ಗಂಟುಗಳ ಮೇಲೆ ದಾಳಿ ಮಾಡುವ ಕಾಯಿಲೆ) ತೆಳ್ಳಗಿರುವವರಿಗೂ ಬರುತ್ತದೆ. ಬೆಳಿಗ್ಗೆ ಎದ್ದಾಗ ಗಂಟುಗಳು ತಾಸುಗಟ್ಟಲೆ ಬಿಗಿದುಕೊಂಡಿದ್ದರೆ ತೂಕದ ಚಿಂತೆ ಬದಿಗಿಟ್ಟು ಮೊದಲು ಡಾಕ್ಟರಿಗೆ ತೋರಿಸಿ.