ಅಳತೆಯೇ ಇಲ್ಲದ ನೀಲನಕ್ಷೆ

ಪೇಪರ್ ಬಿಡಿಸಿದರೆ ಸಾಕು, ನಗರದ ಅಭಿವೃದ್ಧಿಗೆ ನೀಲನಕ್ಷೆ, ಚುನಾವಣೆ ಗೆಲ್ಲೋಕೆ ನೀಲನಕ್ಷೆ, ಟ್ರಾಫಿಕ್ ಸರಿ ಮಾಡೋಕೆ ನೀಲನಕ್ಷೆ. ಒಳಗೆ ಓದಿದರೆ ಯಾರೋ ಸಭೆಯಲ್ಲಿ ಹೀಗೆ ಮಾಡಬೇಕು ಅಂದಿರುತ್ತಾರೆ, ಅಷ್ಟೇ. ಇದು ನನಗೆ ನಿಜಕ್ಕೂ ಬೇಜಾರು.

ಆ ನೀಲಿ ಸುಮ್ನೆ ಬಂದಿದ್ದಲ್ಲ. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್, ಕಬ್ಬಿಣದ ಲವಣ ಸವರಿದ ಕಾಗದದ ಮೇಲೆ ಬಿಸಿಲಿನಿಂದ ಚಿತ್ರ ಮೂಡಿಸುವುದನ್ನು ಕಂಡುಹಿಡಿದರು. ಮುಂದೆ ಅದು ಎಂಜಿನಿಯರುಗಳ ಕೈಗೆ ಬಂತು. ಟ್ರೇಸಿಂಗ್ ಹಾಳೆಯಲ್ಲಿ ಕಪ್ಪು ಇಂಕಿನಿಂದ ಬರೆದ ಡ್ರಾಯಿಂಗನ್ನು ಈ ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದು, ಆಮೇಲೆ ನೀರಲ್ಲಿ ತೊಳೆದರೆ ಬಿಸಿಲು ಬಿದ್ದ ಜಾಗವೆಲ್ಲ ಗಾಢ ನೀಲಿ, ಗೆರೆ ಇದ್ದ ಕಡೆ ಬಿಳಿ. ಏನಾದರೂ ಸೇರಿಸಬೇಕಂದ್ರೆ ವಾಷಿಂಗ್ ಸೋಡಾ ನೀರಲ್ಲಿ ಪೆನ್ನು ಅದ್ದಿ ಬರೆಯುತ್ತಿದ್ದರು, ಅಲ್ಲಿ ನೀಲಿ ಹೋಗಿ ಬಿಳಿ ಗೆರೆ ಏಳುತ್ತಿತ್ತು. ಆಮೇಲೆ ಬಿಳಿ ಹಾಳೆಯಲ್ಲಿ ನೀಲಿ ಗೆರೆ ಬರುವ ಅಮೋನಿಯಾ ಪ್ರಿಂಟ್ ಬಂತು, ಈಗ ಕಂಪ್ಯೂಟರಿನಿಂದ ದೊಡ್ಡ ಹಾಳೆಗೆ ಡ್ರಾಯಿಂಗ್ ತೆಗೆಯುವ ಪ್ಲಾಟರ್ ಯಂತ್ರ. ಇವತ್ತು ಸೈಟಿನಲ್ಲಿ ಮೇಸ್ತ್ರಿ ಕೇಳೋದು ‘ಡ್ರಾಯಿಂಗ್ ಕೊಡಿ ಸಾರ್’ ಅಂತಲೇ.

ಒಂದು ವಿಷಯ ಮಾತ್ರ ಬದಲಾಗಿಲ್ಲ. ಈ ಪ್ರತಿ ತೆಗೆಯೋದೇ ಯೋಚನೆ, ಲೆಕ್ಕ ಎಲ್ಲ ಮುಗಿದ ಮೇಲೆ. ಬರೆದವರು ಊರಲ್ಲಿ ಇಲ್ಲದಿದ್ದರೂ ಗೋಡೆ ಎಷ್ಟು ದಪ್ಪ, ಬಾಗಿಲು ಎಷ್ಟು ಅಗಲ, ಪಿಲ್ಲರಿಗೆ ಎಷ್ಟು ಎಂಎಂ ಕಂಬಿ ಅಂತ ಹಾಳೆಯೇ ಹೇಳಬೇಕು.

ಹಾಗೆ ನೋಡಿದರೆ ನಮ್ಮಲ್ಲಿ ಈ ಮಾತನ್ನು ಸರಿಯಾಗಿ ಬಳಸುವವರು ಮೇಷ್ಟ್ರುಗಳು. ಎಸ್‌ಎಸ್‌ಎಲ್‌ಸಿ, ಪಿಯುಸಿ ಪ್ರಶ್ನೆಪತ್ರಿಕೆಗೂ ನೀಲನಕ್ಷೆ ಇರುತ್ತೆ ಅಲ್ವಾ? ಯಾವ ಪಾಠಕ್ಕೆ ಎಷ್ಟು ಅಂಕ, ಒಂದು ಅಂಕದ್ದು ಎಷ್ಟು, ಸುಲಭದ್ದು ಎಷ್ಟು, ಕಠಿಣದ್ದು ಎಷ್ಟು, ಎಲ್ಲ ಕೋಷ್ಟಕದಲ್ಲಿ ಕೂತಿರುತ್ತೆ. ಅಡ್ಡ ಕೂಡಿದರೂ ಉದ್ದ ಕೂಡಿದರೂ ಮೊತ್ತ ಒಂದೇ ಬರಬೇಕು. ಅದನ್ನು ಕೈಗೆ ಕೊಟ್ಟರೆ ಬೀದರಿನ ಮೇಷ್ಟ್ರೂ ಚಾಮರಾಜನಗರದ ಮೇಷ್ಟ್ರೂ ಒಂದೇ ತೂಕದ ಪತ್ರಿಕೆ ತಯಾರಿಸಬಹುದು. ಗೋಡೆ, ಕಂಬಿ ಇಲ್ಲದಿದ್ದರೂ ಅದು ಅಪ್ಪಟ ನೀಲನಕ್ಷೆ.

ರಾಜಕೀಯದ ಸುದ್ದಿಯಲ್ಲಿ ಇದು ಯಾವುದೂ ಇರೋದಿಲ್ಲ. ದುಡ್ಡು ಎಷ್ಟು, ಯಾವ ಇಲಾಖೆ, ಯಾವ ರಸ್ತೆಯಿಂದ ಶುರು, ಯಾವಾಗ ಮುಗಿಯುತ್ತೆ, ಒಂದಕ್ಕೂ ಉತ್ತರ ಇಲ್ಲ. ದೊಡ್ಡ ಮಾತು ಕೇಳಿದ ಜನ ಮಾತ್ರ ಎಲ್ಲ ರೆಡಿಯಾಗಿದೆ, ನಾಳೆಯೇ ಕೆಲಸ ಶುರು ಅಂದುಕೊಳ್ಳುತ್ತಾರೆ. ಅದಕ್ಕೇ ನನ್ನ ತಕರಾರು. ಆಲೋಚನೆ ಇದ್ದರೆ ಆಲೋಚನೆ ಅನ್ನಿ, ಭರವಸೆ ಆದರೆ ಭರವಸೆ ಅಂತಲೇ ಬರೆಯಿರಿ. ವರದಿ ಮಾಡುವ ಗೆಳೆಯರು ಇಲ್ಲಿ ಜಾಸ್ತಿ ಇದ್ದೀರಿ. ಇನ್ನೊಂದು ಸಲ ಯಾರಾದರೂ ನೀಲನಕ್ಷೆ ಸಿದ್ಧ ಅಂದರೆ, ಅದರ ಒಂದು ಪ್ರತಿ ಕೊಡಿ ಅಂತ ಅಲ್ಲೇ ಕೇಳಿ.